ಕೇಳಿದ ಮಗುವಿಗೆ ಸುಳ್ಳು ಹೇಳಬೇಡಿ

ಮಲ್ಪೆಯಿಂದ ದೋಣಿ ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಅಲ್ಲಿಯ ಕಂಬಕಲ್ಲುಗಳು ಗೊತ್ತು. ಯಾರೋ ಕೆತ್ತಿ ಸಾಲಾಗಿ ನಿಲ್ಲಿಸಿದ ಹಾಗಿವೆ. ಯಾರೂ ಕೆತ್ತಿದ್ದಲ್ಲ. ಒಂದು ವರ್ಷ ನಮ್ಮ ಸಭೆಯ ಸಂಡೇ ಸ್ಕೂಲ್ ಮಕ್ಕಳನ್ನು ಅಲ್ಲಿಗೆ ಪಿಕ್‌ನಿಕ್ ಕರೆದುಕೊಂಡು ಹೋಗಿದ್ದೆವು. ಪ್ರಾರ್ಥನೆ ಆಯಿತು, ಗೋಳಿಬಜೆ ಆಯಿತು, ಮಕ್ಕಳೆಲ್ಲ ನೀರಿನ ಕಡೆ ಓಡಿದರು. ಹನ್ನೊಂದು ಹನ್ನೆರಡು ವರ್ಷದ ಒಬ್ಬ ಹುಡುಗ ಮಾತ್ರ ಕಲ್ಲಿನ ಹತ್ತಿರವೇ ಕೂತು ಒಂದೊಂದು ಕಂಬದ ತಲೆಯ ಮೇಲೂ ಬೆರಳು ಆಡಿಸುತ್ತ ಮೂಲೆ ಎಣಿಸುತ್ತಿದ್ದ. "ಇದಕ್ಕೆ ಐದು. ಇದಕ್ಕೆ ಆರು. ಇದಕ್ಕೆ ಏಳು ಉಂಟು, ಟೀಚರ್." ಆಮೇಲೆ ತಲೆ ಎತ್ತದೆಯೇ ಕೇಳಿದ: "ಈ ಕಲ್ಲಿಗೆ ಎಂಟು ಕೋಟಿ ವರ್ಷಕ್ಕಿಂತ ಜಾಸ್ತಿ ಅಂತೆ. ಶಾಲೆಯಲ್ಲಿ ಮಾಷ್ಟ್ರು ಹೇಳಿದ್ರು. ಹಾಗಾದ್ರೆ ಇದು ಆದಾಮನಿಗಿಂತ ಮೊದಲೇ ಇತ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಮಗಾ ಎಂದಿದ್ದರೆ ಸಾಕಿತ್ತು. ನಾನು ಹಾಗೆ ಹೇಳಲಿಲ್ಲ. "ಇಂಥದ್ದನ್ನೆಲ್ಲ ಸೈತಾನ ತಲೆಗೆ ಹಾಕುವುದು. ಪ್ರಾರ್ಥನೆ ಮಾಡು, ಹೋಗುತ್ತದೆ" ಎಂದೆ. ಹುಡುಗ ನನ್ನ ಮುಖ ನೋಡಿದ. ಕಲ್ಲಿನ ಮೇಲಿಂದ ಬೆರಳು ತೆಗೆದ. ಎದ್ದು ಉಳಿದ ಮಕ್ಕಳ ಕಡೆ ನಡೆದ.

ಆ ಬೆರಳು ಸರಿದದ್ದು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸಭೆಯ ಹಿರಿಯರಿಗೆ, ಅಯ್ಯನವರಿಗೆ, ತಂದೆತಾಯಂದಿರಿಗೆ, ನಾನು ಒಮ್ಮೆ ನಿಂತ ಹಾಗೆ ಭಾನುವಾರ ಬೆಳಿಗ್ಗೆ ಮಕ್ಕಳ ಮುಂದೆ ನಿಲ್ಲುವ ಎಲ್ಲ ಟೀಚರುಗಳಿಗೆ.

ಹುಡುಗ ಹೇಳಿದ್ದು ಸರಿಯಾಗಿತ್ತು. ಆ ಕಲ್ಲಿನ ವಯಸ್ಸು ಸುಮಾರು 8.8 ಕೋಟಿ ವರ್ಷ. ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದಲ್ಲಿ ಭೂಮಿಯ ಒಳಗಿನ ಕರಗಿದ ಬಂಡೆ ಮೇಲಕ್ಕೆ ಉಕ್ಕಿ ಹರಿಯಿತು, ತಣಿಯುತ್ತ ಕುಗ್ಗಿತು, ಕುಗ್ಗುತ್ತ ಬಿರುಕು ಬಿಟ್ಟಿತು. ಬೇಸಗೆಯಲ್ಲಿ ಕೆರೆಯ ತಳದ ಕೆಸರು ಐದು ಮೂಲೆ ಆರು ಮೂಲೆಯಾಗಿ ಒಡೆಯುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆ ಕಂಬಕಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ದ್ವೀಪಕ್ಕೆ ಸೈಂಟ್ ಮೇರೀಸ್ ಎಂಬ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ, 1498ರಲ್ಲಿ ಇಲ್ಲಿ ಇಳಿದ ಅವನು ಯೇಸುವಿನ ತಾಯಿಯ ಹೆಸರಿಟ್ಟ ಎಂದು ಪ್ರತೀತಿ. ಮರಿಯಳ ಹೆಸರು ಹೊತ್ತ ಕಲ್ಲಿನ ಮೇಲೆ ಕೂತು ಒಬ್ಬ ಕ್ರೈಸ್ತ ಹುಡುಗ ಸತ್ಯವನ್ನೇ ಹೇಳಿದ. ಅವನಿಗೆ ನಾನು ಸೈತಾನನ ಭಯ ಹುಟ್ಟಿಸಿದೆ.

ನಾವು ನಮ್ಮ ಗ್ರಂಥವನ್ನು ಕನ್ನಡದಲ್ಲಿ ಕರೆಯುವುದೇ ಸತ್ಯವೇದ ಎಂದು. ಬೇರೆ ಎಷ್ಟೋ ಭಾಷೆಗಳಲ್ಲಿ ಅದು ಬರೀ ಪುಸ್ತಕ, ಬರೀ ಬೈಬಲ್. ಹೆಸರಿನಲ್ಲೇ ಸತ್ಯ ಇಟ್ಟುಕೊಂಡವರು ನಾವು. ಆ ಹೆಸರಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ನಿಜ ಹೇಳಿದ ಮಗುವಿನ ಬಾಯಿ ಮುಚ್ಚಿಸಿದರೆ ಆ ಹೆಸರಿಗೆ ಏನು ಬೆಲೆ?

ಭೂಮಿಗೆ ಆರು ಸಾವಿರ ವರ್ಷ ಎಂಬ ಮಾತು ಸತ್ಯವೇದದ ಯಾವ ವಾಕ್ಯದಲ್ಲೂ ಇಲ್ಲ. ವಂಶಾವಳಿಗಳ ವಯಸ್ಸು ಕೂಡಿಸಿ, ರಾಜರ ಆಳ್ವಿಕೆಯ ವರ್ಷ ಹೊಂದಿಸಿ, 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಸೃಷ್ಟಿ ಆದದ್ದು ಕ್ರಿ.ಪೂ. 4004ರಲ್ಲಿ ಎಂದು ಪ್ರಕಟಿಸಿದರು. ಅವರ ಕಾಲಕ್ಕೆ ಅದು ದೊಡ್ಡ ಪಾಂಡಿತ್ಯವೇ. ಮುಂದೆ ಅದು ಇಂಗ್ಲಿಷ್ ಬೈಬಲಿನ ಪುಟದ ಅಂಚಿನಲ್ಲಿ ಅಚ್ಚಾಗತೊಡಗಿತು. ಅಂಚಿನಲ್ಲಿದ್ದ ಮನುಷ್ಯನ ಲೆಕ್ಕ ಓದುವವರ ಮನಸ್ಸಿನಲ್ಲಿ ನಡುಪುಟದ ದೇವರ ಮಾತಾಯಿತು. ಇವತ್ತು ಅಮೆರಿಕದ ಕೆಂಟಕಿಯಲ್ಲಿ ನೋಹನ ನಾವೆಯ ಆಕಾರದಲ್ಲಿ ಮರದ ಬೃಹತ್ ಕಟ್ಟಡ ಕಟ್ಟಿ, 2016ರಿಂದ ಟಿಕೆಟ್ ಇಟ್ಟು, ಇದೇ ಲೆಕ್ಕವನ್ನು ತೋರಿಸುತ್ತಿದ್ದಾರೆ. ಅಂಥ ವೀಡಿಯೊಗಳು ನಮ್ಮ ಸಭೆಯ ವಾಟ್ಸಾಪ್ ಗುಂಪಿಗೂ ಬಂದು ಬೀಳುತ್ತವೆ. ನಾವು 'ಆಮೆನ್' ಎಂದು ಹಾಕಿ ಮುಂದಕ್ಕೆ ಕಳಿಸುತ್ತೇವೆ.

ತೊಡಕು ಬರೀ ವರ್ಷದ ಲೆಕ್ಕದ್ದಾಗಿದ್ದರೆ ಸುಲಭವಿತ್ತು. ಆರು ದಿನ ಎಂದರೆ ಆರು ಯುಗ ಎಂದುಕೊಂಡು ಸಮಾಧಾನಪಟ್ಟವರು ಬಹಳ. ನಾನೂ ಕೆಲವು ವರ್ಷ ಹಾಗೇ ಇದ್ದೆ. ಆ ಹುಡುಗನಿಗೆ ಯಾವತ್ತಾದರೂ ನ್ಯಾಯವಾದ ಉತ್ತರ ಕೊಡಬೇಕೆಂದು ಓದಲು ಕೂತಾಗ ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ಒಬ್ಬ ಮನುಷ್ಯನಿಂದ ಪಾಪ ಬಂತು, ಪಾಪದಿಂದ ಮರಣ ಬಂತು ಎಂದು ಪೌಲ ರೋಮಾಪುರದವರಿಗೆ ಬರೆದ. ನಮ್ಮ ರಕ್ಷಣೆಯ ಬೋಧನೆಯೆಲ್ಲ ಈ ಮಾತಿನ ಮೇಲೆ ನಿಂತಿದೆ. ಆದರೆ ಮನುಷ್ಯ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲು ಬದುಕಿದ್ದ ಡೈನೊಸಾರುಗಳ ಎಲುಬಿನಲ್ಲಿ ಗಡ್ಡೆಗಳ ಗುರುತು ಸಿಕ್ಕಿದೆ, ಮುರಿದು ಮತ್ತೆ ಕೂಡಿಕೊಂಡ ಗುರುತು ಸಿಕ್ಕಿದೆ, ಕೀವಾದ ಗುರುತು ಸಿಕ್ಕಿದೆ. ಆದಾಮ ಇನ್ನೂ ಇಲ್ಲ, ಹಣ್ಣು ತಿಂದಿಲ್ಲ. ನೋವು ಆಗಲೇ ಇದೆ, ಸಾವು ಆಗಲೇ ಇದೆ. ಯಾರ ಪಾಪಕ್ಕೆ? ಈ ಪ್ರಶ್ನೆಗೆ ದೇವಜ್ಞಾನಿಗಳು ಹಲವು ಉತ್ತರ ಕೊಟ್ಟಿದ್ದಾರೆ, ನಾನು ಕೆಲವನ್ನು ಓದಿದ್ದೇನೆ. ನನ್ನ ಮನಸ್ಸು ಒಪ್ಪಲಿಲ್ಲ.

ಈ ಸಂಕಟದಲ್ಲಿ ನನ್ನ ಕೈಗೆ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಅಪ್ಪ-ಮಗನ ಕಥೆ. ಅಪ್ಪ ಫಿಲಿಪ್ ಹೆನ್ರಿ ಗಾಸ್. ಕಡಲಜೀವಿಗಳನ್ನು ಅವರಷ್ಟು ಪ್ರೀತಿಯಿಂದ ನೋಡಿದವರು ಆ ಕಾಲದಲ್ಲಿ ಕಡಿಮೆ. ಇವತ್ತು ನಮ್ಮ ಮನೆಗಳಲ್ಲಿ ಇಡುವ ಅಕ್ವೇರಿಯಂ ಎಂಬ ವಸ್ತುವನ್ನೂ ಆ ಹೆಸರನ್ನೂ ಜನಪ್ರಿಯ ಮಾಡಿದವರು ಅವರೇ, 1854ರ ತಮ್ಮ ಪುಸ್ತಕದಿಂದ. ಅಷ್ಟೇ ಗಟ್ಟಿ ವಿಶ್ವಾಸಿ ಕೂಡ. ಸತ್ಯವೇದದ ಒಂದಕ್ಷರವೂ ತಪ್ಪಲ್ಲ ಎನ್ನುವ ಬ್ರೆದರನ್ ಸಭೆಗೆ ಸೇರಿದವರು. 1857ರ ಫೆಬ್ರವರಿಯಲ್ಲಿ ಹೆಂಡತಿ ಎಮಿಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಏಳು ವರ್ಷದ ಮಗ ಎಡ್ಮಂಡ್‌ನನ್ನು ಕಟ್ಟಿಕೊಂಡು ಗಾಸ್ ಡೆವನ್ ಕರಾವಳಿಗೆ ಹೋದರು. ಅಪ್ಪ-ಮಗ ಇಬ್ಬರೂ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಬಗ್ಗಿ ಕಡಲಹೂವುಗಳನ್ನು ಹುಡುಕುತ್ತಿದ್ದರು.

ಅದೇ ವರ್ಷ ಗಾಸ್ 'ಓಂಫಲಾಸ್' ಎಂಬ ಪುಸ್ತಕ ಪ್ರಕಟಿಸಿದರು. ಗ್ರೀಕಿನಲ್ಲಿ ಆ ಪದಕ್ಕೆ ಹೊಕ್ಕುಳು ಎಂದರ್ಥ. ಆದಾಮ ತಾಯಿಯ ಹೊಟ್ಟೆಯಿಂದ ಬಂದವನಲ್ಲ, ಆದರೂ ಅವನಿಗೆ ಹೊಕ್ಕುಳು ಇದ್ದೇ ಇರಬೇಕು. ಏದೆನ್ ತೋಟದ ಮರ ನಿನ್ನೆ ಹುಟ್ಟಿದ್ದರೂ ಕಡಿದರೆ ಒಳಗೆ ವರ್ಷದ ಉಂಗುರಗಳು ಕಾಣಬೇಕು. ಹಾಗೆಯೇ ದೇವರು ಭೂಮಿಯನ್ನು ಸೃಷ್ಟಿಸುವಾಗಲೇ ಎಂದೂ ಬದುಕಿರದ ಜೀವಿಗಳ ಪಳೆಯುಳಿಕೆಗಳನ್ನು ಬಂಡೆಯೊಳಗೆ ಇಟ್ಟೇ ಸೃಷ್ಟಿಸಿದ. ಇದು ಅವರ ವಾದ. ಕಲ್ಲನ್ನೂ ಬಿಡಲಾಗದೆ ವಚನವನ್ನೂ ಬಿಡಲಾಗದೆ ಒದ್ದಾಡಿದ ಜೀವದ ವಾದ ಅದು. ಎರಡು ಕಡೆಯವರೂ ತನ್ನನ್ನು ಅಪ್ಪಿಕೊಳ್ಳುತ್ತಾರೆ ಎಂದು ಅವರು ನಂಬಿದ್ದರು. ಎರಡು ಕಡೆಯವರೂ ನಕ್ಕರು. ಅವರ ಗೆಳೆಯ, ಸ್ವತಃ ಪಾದ್ರಿಯಾಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ ಮಾತ್ರ ನಗಲಿಲ್ಲ. ದೇವರು ಬಂಡೆಗಳ ಮೇಲೆ ಇಷ್ಟು ದೊಡ್ಡ ಸುಳ್ಳನ್ನು ಬರೆದಿಟ್ಟ ಎಂದು ನಾನು ನಂಬಲಾರೆ ಎಂಬ ಅರ್ಥದ ಪತ್ರ ಬರೆದರು. ಆ ಇಡೀ ವಿವಾದದಲ್ಲಿ ದೇವರ ಮಾನ ಕಾಪಾಡಿದ ಮಾತು ಅದೊಂದೇ ಎಂದು ನನಗೆ ಅನಿಸುತ್ತದೆ. ಪುಸ್ತಕದ ಮಾರಾಟವಾಗದ ಪ್ರತಿಗಳು ರದ್ದಿಗೆ ಹೋದವು.

ಮಗ ಎಡ್ಮಂಡ್ ದೊಡ್ಡವನಾಗಿ, 1907ರಲ್ಲಿ, 'ಫಾದರ್ ಅಂಡ್ ಸನ್' ಎಂಬ ಪುಸ್ತಕದಲ್ಲಿ ತನ್ನ ಬಾಲ್ಯ ಬರೆದ. ಅಪ್ಪನಿಗೆ ಅದು ಪೂರ್ತಿ ನ್ಯಾಯ ಮಾಡಿಲ್ಲ ಎನ್ನುವವರಿದ್ದಾರೆ, ಇರಬಹುದು. ಆದರೆ ಅದರಲ್ಲಿ ಬರುವ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಮರಕ್ಕೂ ಕಲ್ಲಿಗೂ ಅಡ್ಡಬಿದ್ದವರ ಮೇಲೆ ದೇವರು ಕೋಪ ತೋರಿಸುತ್ತಾನೆ ಎಂದು ಅಪ್ಪ ಹೇಳಿಕೊಟ್ಟಿದ್ದರು. ಹುಡುಗ ಅದನ್ನು ಪರೀಕ್ಷೆ ಮಾಡಿ ನೋಡಿಯೇಬಿಟ್ಟ. ಅಪ್ಪ ಮನೆಯಲ್ಲಿಲ್ಲದ ಹೊತ್ತು ಒಂದು ಸಣ್ಣ ಕುರ್ಚಿಯನ್ನು ಕಷ್ಟಪಟ್ಟು ಮೇಜಿನ ಮೇಲೆ ಏರಿಸಿ, ಅದರ ಮುಂದೆ ಮೊಣಕಾಲೂರಿ, ಕುರ್ಚಿಯನ್ನೇ ದೇವರೆಂದು ಕರೆದು ದಿನದ ಪ್ರಾರ್ಥನೆ ಹೇಳಿದ. ಎದೆ ಹೊಡೆದುಕೊಳ್ಳುತ್ತ ಕಾದ. ಕಿಟಕಿಯ ಹೊರಗೆ ಆಕಾಶ ಮೊದಲಿನ ಹಾಗೇ ಇತ್ತು. ಏನೂ ಆಗಲಿಲ್ಲ.

ಅವತ್ತು ಅವನ ಮನಸ್ಸಿನಲ್ಲಿ ದೇವರು ಇಲ್ಲವಾಗಲಿಲ್ಲ. ಹೋದದ್ದು ದೇವರ ಮನಸ್ಸು ಅಪ್ಪನಿಗೆ ಗೊತ್ತು ಎಂಬ ಭರವಸೆ. ಆಮೇಲೆ ಹತ್ತನೇ ವಯಸ್ಸಿಗೇ ಅವನಿಗೆ ದೊಡ್ಡವರ ಹಾಗೆ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು. ಹದಿನೇಳಕ್ಕೆ ಲಂಡನ್ನಿಗೆ ಕೆಲಸಕ್ಕೆ ಹೋದಾಗ ಅಪ್ಪನಿಂದ ಒಂದರ ಹಿಂದೆ ಒಂದು ಕಾಗದ: ವಿಶ್ವಾಸ ಹೇಗಿದೆ, ಪ್ರಾರ್ಥನೆ ನಡೆದಿದೆಯೇ, ಕರ್ತನೊಂದಿಗೆ ನಡೆಯುತ್ತಿದ್ದೀಯಾ? ಪ್ರೀತಿಯಿಂದಲೇ ಕೇಳಿದ್ದು. ಕೊನೆಗೆ ಮಗ ಆ ವಿಶ್ವಾಸವನ್ನೇ ಬಿಟ್ಟು ಹೋದ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದ್ವೀಪದಲ್ಲಿ ನನ್ನ ಮುಖ ನೋಡಿದ ಆ ಹುಡುಗ ಕಳೆದುಕೊಂಡದ್ದೂ ದೊಡ್ಡವರ ಮೇಲಿನ ಅದೇ ಭರವಸೆಯನ್ನು. ವಿಜ್ಞಾನ ನಮ್ಮ ಮಕ್ಕಳ ನಂಬಿಕೆ ಕಸಿಯುತ್ತಿದೆ ಎಂದು ಪ್ರಸಂಗಪೀಠದಿಂದ ಕೇಳುತ್ತಲೇ ಇದ್ದೇವೆ. ಮಕ್ಕಳು ಮೊದಲು ಕಳೆದುಕೊಳ್ಳುವುದು ನಮ್ಮ ಮೇಲಿನ ನಂಬಿಕೆಯನ್ನು. ಕಣ್ಣೆದುರಿನ ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಿದ ಟೀಚರು, ಕಣ್ಣಿಗೆ ಕಾಣದ ಪುನರುತ್ಥಾನದ ವಿಷಯದಲ್ಲಿ ನಿಜ ಹೇಳುತ್ತಾಳೆ ಎಂದು ಮಗು ಯಾಕೆ ನಂಬಬೇಕು? ಸಂತ ಅಗಸ್ಟಿನ್ 5ನೇ ಶತಮಾನದಲ್ಲೇ ಆದಿಕಾಂಡದ ಬಗ್ಗೆ ಬರೆಯುತ್ತ ಇದೇ ಎಚ್ಚರಿಕೆ ಕೊಟ್ಟಿದ್ದರು: ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ತಿಳಿದವರ ಮುಂದೆ ಕ್ರೈಸ್ತನು ಅವಿವೇಕದ ಮಾತಾಡಿದರೆ, ಅವನ ಗ್ರಂಥ ನಿತ್ಯಜೀವದ ಬಗ್ಗೆ ಹೇಳುವುದನ್ನು ಯಾರು ನಂಬಿಯಾರು ಎಂದು. ಸಾವಿರದ ಆರುನೂರು ವರ್ಷದ ಹಿಂದಿನ ಮಾತು. ನಮಗೆ ಇನ್ನೂ ತಲುಪಿಲ್ಲ.

ಓದಿದವರೆಲ್ಲ ನಂಬಿಕೆ ಬಿಡುತ್ತಾರೆ ಎಂದು ಭಯಪಡುವ ತಂದೆತಾಯಿಗಳಿಗೆ ಒಂದು ಮಾತು. ವಿಶ್ವ ಹಿಗ್ಗುತ್ತಿದೆ, ಅದು ಒಂದು ಬಿಂದುವಿನಿಂದ ಶುರುವಾಯಿತು ಎಂದು ಮೊದಲಿಗೆ ಲೆಕ್ಕ ಹಾಕಿ ತೋರಿಸಿದವರಲ್ಲಿ ಒಬ್ಬರು ಬೆಲ್ಜಿಯಮಿನ ಕಥೋಲಿಕ ಪಾದ್ರಿ ಜಾರ್ಜ್ ಲೆಮೇತ್ರ್. ಮನುಷ್ಯನ ವಂಶವಾಹಿಗಳ ಪೂರ್ತಿ ನಕ್ಷೆ ಬರೆದ ಯೋಜನೆಯ ಮುಂದಾಳು ಫ್ರಾನ್ಸಿಸ್ ಕಾಲಿನ್ಸ್ ಜೀವವಿಕಾಸವನ್ನು ಒಪ್ಪುತ್ತಾರೆ, ಪ್ರಾರ್ಥನೆಯನ್ನೂ ಮಾಡುತ್ತಾರೆ. ನಮ್ಮ ಕಡೆಯನ್ನೇ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಅಚ್ಚುಕೂಟದಿಂದ ಸುವಾರ್ತೆಯೂ ಬಂತು, ಶಾಲೆಯ ಪಠ್ಯಪುಸ್ತಕವೂ ಬಂತು. ನಮ್ಮ ಅಜ್ಜಂದಿರಿಗೆ ಎರಡನ್ನೂ ಕೊಟ್ಟದ್ದು ಒಂದೇ ಕೈ. ಮೊಮ್ಮಕ್ಕಳಿಗೆ ಒಂದನ್ನು ಆರಿಸಿಕೋ, ಇನ್ನೊಂದನ್ನು ಬಿಡು ಎಂದು ಹೇಳಲು ನಾವು ಯಾರು?

ಆದರೆ ಕೆಲವರ ನಂಬಿಕೆ ಉಳಿಯುವುದಿಲ್ಲ. ಎಷ್ಟು ಓದಿದರೂ, ಎಷ್ಟು ಅತ್ತು ಬೇಡಿದರೂ ಉಳಿಯುವುದಿಲ್ಲ. ಇದನ್ನು ಒಪ್ಪಿಕೊಳ್ಳುವ ಧೈರ್ಯ ಸಭೆಗೆ ಬರಬೇಕು, ಏಕೆಂದರೆ ನಾನು ಅಂಥವಳು. ಬೆಳಗಾಗುವಷ್ಟರಲ್ಲಿ ಹೋದದ್ದಲ್ಲ. ಹಳೆಯ ಗೋಡೆಯಿಂದ ಸುಣ್ಣ ಉದುರುವ ಹಾಗೆ, ಒಂದು ವರ್ಷ ನೋಹನ ಪ್ರಳಯ, ಇನ್ನೊಂದು ವರ್ಷ ಆದಾಮ, ಆಮೇಲೆ ಅದರ ಹಿಂದಿನದೆಲ್ಲ. ಮೊದಲು ಸಂಡೇ ಸ್ಕೂಲ್ ಪಾಠ ಬಿಟ್ಟೆ, ಗಂಟಲು ನೋವು ಎಂದು ನೆಪ ಹೇಳಿ. ಈಗಲೂ ಭಾನುವಾರ ಅದೇ ಬೆಂಚಿನಲ್ಲಿ ಕೂರುತ್ತೇನೆ. ಅಮ್ಮ ಹಾಡುತ್ತಿದ್ದ ಗೀತೆಗಳನ್ನು ಹಾಡುತ್ತೇನೆ. ಎಲ್ಲರೂ ಎದ್ದು ನಿಂತು ವಿಶ್ವಾಸಪ್ರಮಾಣ ಹೇಳುವಾಗ ನಾನೂ ನಿಲ್ಲುತ್ತೇನೆ, ನಿಜವೆಂದು ಹೇಳಲಾರದ ಸಾಲುಗಳಲ್ಲಿ ಬಾಯಿ ಮುಚ್ಚಿರುತ್ತೇನೆ. ಪಕ್ಕದಲ್ಲಿ ನಿಂತವರಿಗೆ ಗೊತ್ತಾಗಿರಬಹುದು. ಯಾರೂ ಕೇಳಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೇ ಈ ಮಾತುಗಳನ್ನು ಬರೆದೆ.

ನಂಬಿಕೆ ಕಳೆದುಕೊಂಡವರೆಲ್ಲ ಪಾಪ ಮಾಡುವ ಆಸೆಗೆ ಕಳೆದುಕೊಂಡವರು ಎಂದು ನಾವು ಎಷ್ಟು ಹಗುರಾಗಿ ಹೇಳಿಬಿಡುತ್ತೇವೆ. ನರಕದ ಹೆಸರು ಎಷ್ಟು ಬೇಗ ಬಾಯಿಗೆ ಬರುತ್ತದೆ. ಡಾರ್ವಿನ್ ಕಥೆ ಕೇಳಿ. ಪಾದ್ರಿಯಾಗಲೆಂದು ಕೇಂಬ್ರಿಜ್‌ನಲ್ಲಿ ಓದಿದವರು. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡ ಮೇಲೆ ಅವರಲ್ಲಿ ಉಳಿದಿದ್ದ ಚೂರು ನಂಬಿಕೆಯೂ ಹೋಯಿತು ಎನ್ನುತ್ತಾರೆ. ಹೆಂಡತಿ ಎಮ್ಮಾ ಕೊನೆಯವರೆಗೂ ವಿಶ್ವಾಸಿ. ಸತ್ತ ಮೇಲೆ ಗಂಡ ತನ್ನ ಜೊತೆ ಇರಲಾರ ಎಂಬ ಭಯ ಆಕೆಯನ್ನು ಮದುವೆಯ ಕಾಲದಿಂದ ಕಾಡಿತ್ತು. ತನ್ನ ತಂದೆ, ಅಣ್ಣ, ಆಪ್ತ ಗೆಳೆಯರು ನಂಬಲಿಲ್ಲವೆಂಬ ಒಂದೇ ಕಾರಣಕ್ಕೆ ಕೊನೆಯಿಲ್ಲದ ಶಿಕ್ಷೆ ಅನುಭವಿಸಬೇಕು ಎನ್ನುವ ಬೋಧನೆ ಹೇಯವಾದದ್ದು ಎಂದು ಡಾರ್ವಿನ್ ಆತ್ಮಕಥೆಯಲ್ಲಿ ಬರೆದಿದ್ದರು. ಎಮ್ಮಾ ಕೇಳಿಕೊಂಡದ್ದರಿಂದ 1887ರ ಮುದ್ರಣದಲ್ಲಿ ಆ ಮಾತು ಬಿಟ್ಟುಹೋಯಿತು. 1958ರಲ್ಲಿ ಮೊಮ್ಮಗಳು ನೋರಾ ಬಾರ್ಲೋ ಅದನ್ನು ಮತ್ತೆ ಸೇರಿಸಿದರು. ಅದು ವಿಜ್ಞಾನಿ ಆಡಿದ ಮಾತಲ್ಲ. ತನ್ನವರನ್ನು ಪ್ರೀತಿಸಿದ ಮಗನೊಬ್ಬನ ಮಾತು.

ನಾನು ಹೇಳಹೊರಟದ್ದು ಡಾರ್ವಿನ್ ಇದ್ದ ಊರಿನ ಪಾದ್ರಿಯ ಬಗ್ಗೆ. ಜಾನ್ ಬ್ರೋಡಿ ಇನ್ನೆಸ್ ಎಂದು ಹೆಸರು. ಜೀವವಿಕಾಸವನ್ನು ಒಪ್ಪದವರು. ಡಾರ್ವಿನ್ ಅವರಿಗೆ ಜೀವನಪೂರ್ತಿ ಗೆಳೆಯರು. ಬಡವರಿಗೆ ಚಳಿಗಾಲಕ್ಕೆ ಕಲ್ಲಿದ್ದಲು ಬಟ್ಟೆ ಒದಗಿಸುವ ಊರಿನ ಸಂಘದ ಹಣದ ಲೆಕ್ಕ ನೋಡಿಕೊಂಡವರು ಇದೇ ಡಾರ್ವಿನ್. ಭಾನುವಾರ ಮನೆಯವರು ಆರಾಧನೆಗೆ ಹೋದಾಗ ಅವರು ವಾಕಿಂಗ್ ಹೋಗುತ್ತಿದ್ದರು. ಬಾಗಿಲು ಎರಡೂ ಕಡೆಯಿಂದ ತೆರೆದೇ ಇತ್ತು. ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಸಭೆಗೆ ಆಗಿದ್ದು ನಮ್ಮ ಸಭೆಗೆ ಯಾಕೆ ಆಗಬಾರದು?

ಪುನರುತ್ಥಾನವನ್ನು ನಂಬದೆ ಗಾಯ ಮುಟ್ಟಿ ನೋಡಬೇಕು ಎಂದ ತೋಮನನ್ನು ಯೇಸು ಹೊರಗೆ ಹಾಕಲಿಲ್ಲ, ಕೈ ಚಾಚಿ ತೋರಿಸಿದ. ಆ ತೋಮನೇ ನಮ್ಮ ದೇಶಕ್ಕೆ ಸುವಾರ್ತೆ ತಂದ ಎಂದು ಹೆಮ್ಮೆಪಡುವ ನಾವು ಕಲ್ಲು ಮುಟ್ಟಿ ಕೇಳಿದ ಹುಡುಗನನ್ನು ಗದರುತ್ತೇವೆ. ಯೋಬನ ಕಥೆಯ ಕೊನೆಯಲ್ಲಿ ದೇವರು ಸಿಟ್ಟಾದದ್ದು ಯಾರ ಮೇಲೆ? ಬೂದಿಯಲ್ಲಿ ಕೂತು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ. ದೇವರ ಪರವಾಗಿ ಸಿದ್ಧ ಉತ್ತರಗಳನ್ನು ಉರುಹಚ್ಚಿ ಒಪ್ಪಿಸಿದ ಗೆಳೆಯರ ಮೇಲೆ. ನಾವು ಆ ಗೆಳೆಯರ ಸಾಲಿನಲ್ಲಿ ಕೂತಿದ್ದೇವೆ.

ನನ್ನ ಹಾಗೆ ನಂಬಿಕೆ ಕಳೆದುಕೊಂಡ ಮಕ್ಕಳೇ, ನಿಮಗೂ ಒಂದು ಮಾತಿದೆ. ಅಮ್ಮ ರಾತ್ರಿ ಮೊಣಕಾಲೂರಿ ನಿಮ್ಮ ಹೆಸರು ಹೇಳುವಾಗ ನಗಬೇಡಿ. ಅದು ಅವಳಿಗೆ ಗೊತ್ತಿರುವ ಪ್ರೀತಿಯ ಭಾಷೆ. ಆದರೆ ಅವಳ ಸಮಾಧಾನಕ್ಕೆಂದು ಸುಳ್ಳು ದೃಢೀಕರಣಕ್ಕೂ ನಿಲ್ಲಬೇಡಿ.

ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಸಭೆಗೆ ಬರುವುದಿಲ್ಲ. ಪ್ರಾರ್ಥನಾಕೂಟದಲ್ಲಿ ಅವನ ಹೆಸರು ದಾರಿತಪ್ಪಿದವರ ಪಟ್ಟಿಯಲ್ಲಿ ಬರುತ್ತದೆ, ಕಣ್ಣುಮುಚ್ಚಿ ಕೂತವರ ಬಾಯಿಂದ ಅಯ್ಯೋ ಎಂಬ ಉಸಿರು ಬರುತ್ತದೆ. ಆ ಪಟ್ಟಿಯಿಂದ ಅವನ ಹೆಸರು ತೆಗೆಯಿರಿ. ದಾರಿ ತಪ್ಪಿಸಿದವಳು ನಾನು, ಬೇಕಾದರೆ ನನ್ನ ಹೆಸರು ಬರೆದುಕೊಳ್ಳಿ. ಕ್ರಿಸ್ಮಸ್ಸಿಗೆ ಅವನು ಮನೆಗೆ ಬಂದಾಗ ಬೈಬಲ್ ಓದುತ್ತೀಯಾ ಎಂದು ಕೇಳದೆ ಕುಸ್ವಾರಿನ ತಟ್ಟೆ ಮುಂದೆ ಇಡಿ. ಹೇಗಿದ್ದೀಯಪ್ಪಾ ಎಂದು ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಮಳೆಗಾಲ ಮುಗಿದು ಮಲ್ಪೆಯಿಂದ ದೋಣಿಗಳು ಮತ್ತೆ ಹೊರಟಾಗ ಸಂಡೇ ಸ್ಕೂಲ್ ಮಕ್ಕಳನ್ನು ಆ ದ್ವೀಪಕ್ಕೆ ಕರೆದುಕೊಂಡು ಹೋಗಿ. ಕಲ್ಲು ಮುಟ್ಟಲು ಬಿಡಿ, ಮೂಲೆ ಎಣಿಸಲು ಬಿಡಿ. ಎಷ್ಟು ವರ್ಷದ್ದು ಎಂದು ಕೇಳಿದರೆ 8.8 ಕೋಟಿ ವರ್ಷದ್ದು ಎನ್ನಿ. ಹಾಗಾದರೆ ಆದಾಮ ಎಂದು ಕೇಳಿದರೆ, ನಿಮಗೆ ಗೊತ್ತಿದ್ದಷ್ಟನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ.